ಗೊರಕೆಯ ನಡುವಿನ ಮೌನ

ಸ್ವಾರಗೇಟ ನಿಲ್ದಾಣದಲ್ಲಿ ರಾತ್ರಿಯ ಬಸ್ಸು ಹಿಡಿದು ಬೆಳಗಾವಿಯ ಕಡೆಗೆ ಹೊರಡುವ ನಮಗೆಲ್ಲ ಪರಿಚಿತವಾದ ಸದ್ದೊಂದಿದೆ. ಕಾತ್ರಜ ದಾಟುವಷ್ಟರಲ್ಲಿ ಯಾವುದೋ ಆಸನದಿಂದ ಗೊರಕೆ ಏಳುತ್ತದೆ, ತಾರಕಕ್ಕೇರುತ್ತದೆ, ಥಟ್ಟನೆ ನಿಲ್ಲುತ್ತದೆ. ತುಸು ಹೊತ್ತಿನ ಮೌನದ ಬಳಿಕ ಉಸಿರುಗಟ್ಟಿದವರಂತೆ ಬೆಚ್ಚಿ ಮತ್ತೆ ಮೊದಲಾಗುತ್ತದೆ. ಕುಂಭಕರ್ಣನೆಂದು ಯಾರೋ ಅನ್ನುತ್ತಾರೆ, ಉಳಿದವರು ನಗುತ್ತಾರೆ. ಆ ಮೌನವೇ ವ್ಯಾಧಿಯೆಂದು ವೈದ್ಯಶಾಸ್ತ್ರ ಅರಿತದ್ದು ತೀರ ಈಚೆಗೆ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಓದಿದೆವು. 1836-37ರಲ್ಲಿ ಕಂತುಗಳಾಗಿ ಬಂದ ಆ ಕಾದಂಬರಿಯ ಜೋ ಎಂಬ ಸ್ಥೂಲಕಾಯದ ಹುಡುಗ ಕೆಲಸದ ನಡುವೆಯೇ ನಿದ್ದೆಹೋಗಿ ಗೊರೆಯುತ್ತಾನೆ. ನಾವೂ ನಕ್ಕೆವು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಇಂಥದೇ ರೋಗಿಯೊಬ್ಬನನ್ನು ವರ್ಣಿಸಿ, ರೋಗಕ್ಕೆ ಪಿಕ್‌ವಿಕ್ಕನ ಹೆಸರನ್ನೇ ಇಟ್ಟರು. ಇಸ್ಪೀಟಾಟದಲ್ಲಿ ಗೆಲ್ಲುವ ಎಲೆಗಳನ್ನು ಕೈಯಲ್ಲಿ ಹಿಡಿದೇ ಆತ ತೂಕಡಿಸಿದ್ದನು. ದೋಷವನ್ನು ಅವರು ಬೊಜ್ಜಿನಲ್ಲಿಯೂ ರಕ್ತದಲ್ಲಿ ಉಳಿದ ಇಂಗಾಲದ ಡೈಆಕ್ಸೈಡಿನಲ್ಲಿಯೂ ಕಂಡರು. ನಿದ್ದೆಯಲ್ಲಿ ಉಸಿರೇ ಮತ್ತೆ ಮತ್ತೆ ನಿಲ್ಲುತ್ತದೆಂದು 1965ರಲ್ಲಿ ತೋರಿಸಿದವರು ಫ್ರಾನ್ಸಿನ ಗಾಸ್ತೊ ತಂಡ ಹಾಗೂ ಜರ್ಮನಿಯ ಯುಂಗ್ ಮತ್ತು ಕೂಲೊ. ಸ್ಥೂಲರಲ್ಲದವರಿಗೂ ಇದು ಬರುವುದೆಂದು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಗಿಯೆಮಿನೊ ಮೊದಲಾದವರು ಸ್ಪಷ್ಟಪಡಿಸಿದರು. 'ಸ್ಲೀಪ್ ಅಪ್ನಿಯಾ' ಎಂಬ ಹೆಸರು ನೆಲೆಗೊಂಡದ್ದು ಆಗ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚುತ್ತದೆ. ರಕ್ತದ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ಕ್ಷಣಕಾಲ ಎಚ್ಚರಗೊಳಿಸುತ್ತದೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದ ಇಂಥ ತಡೆಗಳು ತಾಸಿಗೆ 30 ಮುಟ್ಟಿದರೆ ರೋಗ ತೀವ್ರವೆನ್ನುತ್ತಾರೆ. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಆದರೆ ಹಗಲಿನ ತೂಕಡಿಕೆ, ಏರಿದ ರಕ್ತದೊತ್ತಡ, ಹೃದಯಬಡಿತದ ಏರುಪೇರು, ಪಾರ್ಶ್ವವಾಯುವಿನ ಅಪಾಯ ಇವೆಲ್ಲ ಇದರ ಬೆನ್ನಿಗಿವೆ. ಚಾಲಕನಾದವನು ತೂಕಡಿಸಿದರೆ ಅಪಾಯ ಅವನೊಬ್ಬನದಲ್ಲ.

ಮೊದಲು ಗಂಟಲಿನ ಹೊರಗಿನಿಂದ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದೇ ಪರಿಣಾಮಕಾರಿ ಚಿಕಿತ್ಸೆಯಾಗಿತ್ತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಐವರು ರೋಗಿಗಳ ಶ್ವಾಸಮಾರ್ಗವನ್ನು ತೆರೆದಿಟ್ಟ ವರದಿ ಪ್ರಕಟಿಸಿದರು. ಇಂದಿನ ಸಿಪ್ಯಾಪ್ ಯಂತ್ರದ ಮೂಲ ಅದೇ.

ನಮ್ಮ ತಂದೆಯವರು ಪತ್ರಿಕೆ ಓದುತ್ತಲೇ ತೂಕಡಿಸುತ್ತಿದ್ದರು. ರಕ್ತದೊತ್ತಡಕ್ಕೆ ಮೂರು ಬಗೆಯ ಗುಳಿಗೆಗಳಿದ್ದವು. ಅವರ ಗೊರಕೆಯನ್ನು ಮನೆಯವರೆಲ್ಲ ಅಣಕಿಸಿದೆವು. ವೈದ್ಯರಿಗೆ ಮಾತ್ರ ಹೇಳಲಿಲ್ಲ. ಒಂದು ಬೆಳಗಿನ ಜಾವ ಅವರಿಗೆ ಪಾರ್ಶ್ವವಾಯು ಬಡಿಯಿತು. ಕಾರಣ ಇದೇ ಎಂದು ನಾವು ಹೇಳಲಾರೆವು. ಹೇಳಬಹುದಾಗಿದ್ದ ಮಾತೊಂದನ್ನು ಹೇಳದೆ ಉಳಿದೆವೆಂಬುದಷ್ಟೇ ನಿಜ.

ಈ ವ್ಯಾಧಿಗೆ ರೋಗಿ ಸಾಕ್ಷಿಯಲ್ಲ. ಪಕ್ಕದಲ್ಲಿ ಎಚ್ಚರವಿದ್ದವರು ಸಾಕ್ಷಿ. ಹೊಟ್ಟೆಪಾಡಿಗಾಗಿ ಪರಊರಿನ ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿ ಮಲಗುವ ನಮ್ಮವರಿಗೆ ಅಂಥ ಸಾಕ್ಷಿ ಯಾರು? ಊರಿಗೆ ಹೋಗುವ ರಾತ್ರಿ ಪಕ್ಕದ ಆಸನದವರೇ ಇರಬೇಕು. ಬಸ್ಸು ಬೆಳಗಾವಿ ಮುಟ್ಟಿದಾಗ, ನಗದೆ, ಆ ಮಾತನ್ನು ಅವರ ಕಿವಿಗೆ ಹಾಕಿದರೆ ಸಾಕು.