ಹಳತಾಗುವ ಏಲ್, ಹಳಸುವ ಹೆಂಡ

ಈ ಬರಹದ ತಲೆಬರಹ ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ, ಪ್ರತಿ ಗಾಂಧಿ ಜಯಂತಿಯಂದು ಪಾನನಿರೋಧದ ಮೇಲೆ ಭಾಷಣ ಬಿಗಿದ ಮೇಷ್ಟರಿಗೆ ಈ ಇಳಿವಯಸ್ಸಿನಲ್ಲಿ ಇದೇನು ವಿಷಯ ಎಂದು! ಬಂಧುಗಳಲ್ಲಿ ಕೆಲವರು ಫೋನ್ ಮಾಡಿಯೇ ಬಿಡುತ್ತಾರೆ. ಅವರೆಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ: ಕುಡಿದದ್ದು ಎರಡೇ ಗುಟುಕು.

2018ರಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಒಂದು ಸಂಜೆ ಅಳಿಯಂದಿರು ಪುಟ್ಟದೊಂದು ಸೀಸೆಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ 1995 ಎಂಬ ಇಸವಿ ಅಚ್ಚಾಗಿತ್ತು. "ಮಾವ, ಇದು ಕುಡಿಯುವುದಕ್ಕಲ್ಲ, ಚರಿತ್ರೆ ಎಂದುಕೊಂಡು ರುಚಿ ನೋಡಿ" ಎಂದರು. ನನ್ನ ದೌರ್ಬಲ್ಯ ಅವರಿಗೆ ಗೊತ್ತು. ಅದು ಥಾಮಸ್ ಹಾರ್ಡಿ ಏಲ್. ಕಾದಂಬರಿಕಾರ ಹಾರ್ಡಿ ತೀರಿಕೊಂಡು ನಲವತ್ತು ವರ್ಷವಾದಾಗ, 1968ರಲ್ಲಿ, ಅವನ ಊರಾದ ಡಾರ್ಚೆಸ್ಟರಿನ ಎಲ್ಡ್ರಿಜ್ ಪೋಪ್ ಎಂಬ ಕಂಪನಿಯವರು ಅವನ ನೆನಪಿಗೆಂದು ಈ ಗಡುಸಾದ ಏಲನ್ನು ತಯಾರಿಸಿದರು. ಹಾರ್ಡಿ ತನ್ನ 'ದಿ ಟ್ರಂಪೆಟ್ ಮೇಜರ್' ಕಾದಂಬರಿಯಲ್ಲಿ ಆ ಊರಿನ ಬಿಯರನ್ನು ಬಾಯ್ತುಂಬ ಹೊಗಳಿದ್ದನಂತೆ. ಸಾಧಾರಣ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ಇದರಲ್ಲಿ ಸುಮಾರು ಹನ್ನೆರಡು ಪಾಲು. ಸೀಸೆಯಲ್ಲಿಟ್ಟರೆ ಇಪ್ಪತ್ತೈದು ವರ್ಷ ಮಾಗುತ್ತದೆ ಎಂಬುದು ತಯಾರಕರ ಹೆಮ್ಮೆಯಾಗಿತ್ತು.

ಲೋಟಕ್ಕೆ ಬಗ್ಗಿಸಿದಾಗ ನೊರೆಯೇ ಬರಲಿಲ್ಲ. ಬಣ್ಣ ಹಳೆಯ ಹುಣಸೆಹಣ್ಣಿನದು. ಮೂಗಿಗೆ ಹಿಡಿದರೆ ಜೋನಿಬೆಲ್ಲ, ಒಣದ್ರಾಕ್ಷಿ, ಮತ್ತು ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಬಹುಕಾಲದ ಮೇಲೆ ತೆರೆದಾಗ ಬರುವ ವಾಸನೆ. ಮೊದಲ ಗುಟುಕಿನಲ್ಲಿ ಸಿಹಿ. ಆಮೇಲೆ ಗಂಟಲಲ್ಲಿ ಬಿಸಿ. ತೀರಾ ಕೊನೆಯಲ್ಲಿ ಕಷಾಯದಂಥ ತೆಳುವಾದ ಕಹಿ. ಆ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಅದು ರುಚಿಗಷ್ಟೇ ಅಲ್ಲ, ಪಾನೀಯ ಕೆಡದಂತೆ ಕಾಯುವುದಕ್ಕೂ ಬೇಕು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೇಯಿಸಿ ತೆಗೆದ ಗಟ್ಟಿ ಸಿಹಿನೀರು, ಅದನ್ನು ನಿಧಾನವಾಗಿ ಹುದುಗಿಸುವ ಚಳಿ, ಏರಿದ ಮದ್ಯಸಾರ, ಈ ಹೂವಿನ ಕಹಿ. ಇವೆಲ್ಲ ಸೇರಿ ಏಲಿಗೆ ದೀರ್ಘಾಯುಸ್ಸು ಕೊಡುತ್ತವೆ. ಹಿಂದೆ ಅಲ್ಲಿನ ಜಮೀನುದಾರರ ಮನೆಗಳಲ್ಲಿ ಮಗ ಹುಟ್ಟಿದಾಗ ಒಂದು ಪೀಪಾಯಿ ಗಡಸು ಏಲ್ ಮಾಡಿ ನೆಲಮಾಳಿಗೆಯಲ್ಲಿಟ್ಟು, ಅವನಿಗೆ ಇಪ್ಪತ್ತೊಂದು ತುಂಬಿದ ದಿನ ತೆರೆಯುವ ಪದ್ಧತಿಯಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್ ಎಂಬಾತನ ಬಿಯರು ಹಡಗೇರಿ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ನಮ್ಮ ದೇಶದ ಬಂದರುಗಳಿಗೆ ಬಂದಿಳಿಯುತ್ತಿದ್ದದ್ದೂ ಈ ಗುಣದಿಂದಲೇ. ಕಾಯಬಲ್ಲ ಪಾನೀಯವನ್ನು ಪೀಪಾಯಿಗೆ ತುಂಬಬಹುದು, ಮೊಹರು ಹಾಕಬಹುದು, ದೂರದ ಊರಿಗೆ ಮಾರಬಹುದು, ಎಣಿಸಿ ತೆರಿಗೆ ಹಾಕಬಹುದು.

ಎರಡನೆಯ ಗುಟುಕಿಗೆ ನನಗೆ ನೆನಪಾದದ್ದು ಮಾತ್ರ ಇಂಗ್ಲೆಂಡಿನ ಜಮೀನುದಾರನಲ್ಲ. ಬಿ.ದುರ್ಗದ ಕಡೆಯ ಒಂದು ಗುಡಿಸಲಿನ ಮುಂದೆ, ನನ್ನ ಕೈಗೆ ಇನ್ನೊಂದು ಲೋಟ ಕೊಟ್ಟಿದ್ದ ಒಬ್ಬ ಮನುಷ್ಯ. ಅದನ್ನು ಹೇಳುವ ಮೊದಲು ನಮ್ಮ ಜಿಲ್ಲೆಯ ಒಂದಿಷ್ಟು ಚರಿತ್ರೆ ಹೇಳಬೇಕು.

ನಮ್ಮದು ಮಳೆ ಕಡಮೆಯ ಸೀಮೆ. ಆದರೆ ಹಳ್ಳದ ದಂಡೆಗಳಲ್ಲಿ, ಕೆರೆಯ ಹಿಂದಿನ ಜೌಗಿನಲ್ಲಿ ಈಚಲು ತಾನಾಗಿಯೇ ಬೆಳೆಯುತ್ತದೆ. ಗರಿಯಿಂದ ಚಾಪೆ, ಪೊರಕೆ. ಹಣ್ಣು ಮಕ್ಕಳ ಪಾಲು. ಸುಳಿಯ ಕೆಳಗೆ ಕಾಂಡವನ್ನು ನವಿರಾಗಿ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ರಸ ಜಿನುಗುತ್ತದೆ. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರಿನ ಮಗ್ಗುಲು ಕೆತ್ತುವುದರಿಂದ ಮರ ಸೊಟ್ಟಸೊಟ್ಟಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ಗಾಯಗಳನ್ನು ಎಣಿಸಿದರೆ ಎಷ್ಟು ವರ್ಷ ರಸ ಕೊಟ್ಟಿತೆಂದು ತಿಳಿಯುತ್ತದೆ. ಈ ಕಸುಬು ಹೆಚ್ಚಾಗಿ ಈಡಿಗರದು. ಕನ್ನಡ ನಾಡು ಈ ಕಸುಬನ್ನು ಯಾವಾಗಲೂ ಕೀಳಾಗಿ ಕಂಡಿತೆಂದೂ ಹೇಳಲಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಕಸುಬಿನ ಹೆಸರನ್ನೇ ಹೊತ್ತು ಅನುಭವ ಮಂಟಪದವರ ಸಾಲಿನಲ್ಲಿ ಕುಳಿತವನು.

ಮೈಸೂರು ಸಂಸ್ಥಾನಕ್ಕೆ ಭೂಕಂದಾಯದಂತೆ ಅಬ್ಕಾರಿಯೂ ದೊಡ್ಡ ಆದಾಯದ ಮೂಲವಾಗಿತ್ತು. ಹೆಂಡದ ಮರಗಳ ಮೇಲೆ ಹಕ್ಕು ಸರ್ಕಾರದ್ದು, ಹರಾಜು ಕೂಗುವವನು ಗುತ್ತಿಗೆದಾರ, ಮರ ಹತ್ತುವವನು ಬೇರೆ. ಆದ್ದರಿಂದ ಈಚಲು ಮರವನ್ನು ಕಡಿದರೆ ಒಂದೇ ಏಟಿಗೆ ಎರಡು ಕೆಲಸವಾಗುತ್ತಿತ್ತು: ಸರ್ಕಾರದ ಕಾನೂನು ಮುರಿದಂತಾಗುತ್ತಿತ್ತು, ಅದರ ಬೊಕ್ಕಸಕ್ಕೂ ಪೆಟ್ಟು ಬೀಳುತ್ತಿತ್ತು. 1930ರಲ್ಲಿ ಮುಂಬಯಿ ಕರ್ನಾಟಕದವರು ಈ ದಾರಿ ಹಿಡಿದಿದ್ದರು. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲೀಬಾರು. ಮರುವರ್ಷ, 1939ರಲ್ಲಿ, ನಮ್ಮ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ. ಆಗ ದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪನವರು ಮುಂದಾಳಾಗಿದ್ದರು, ಸೆರೆಮನೆಗೂ ಹೋದರು. ಕೊಡಲಿ ಹಿಡಿದ ಜನ ಹಿಂಡುಹಿಂಡಾಗಿ ಹೋಗಿ ಈಚಲು ಮರಗಳನ್ನು ಉರುಳಿಸಿದರು. ದಾವಣಗೆರೆಯ ಬಳ್ಳಾರಿ ಸಿದ್ದಮ್ಮನವರಂಥ ಹೆಣ್ಣುಮಕ್ಕಳೂ ಈ ಚಳವಳಿಯಲ್ಲಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ಸಂಜೆ ಹೆಂಡದಂಗಡಿಯಿಂದ ಬರುವ ಗಂಡನ ದಾರಿ ಕಾಯುವುದೆಂದರೇನೆಂದು ಬಲ್ಲವರು ಅವರೇ ತಾನೆ? ನಮ್ಮ ಅಜ್ಜಿಯ ಬೆಳ್ಳಿ ಡಾಬು ಯಾವ ಅಂಗಡಿಗೆ ಹೋಯಿತೆಂಬುದನ್ನು ನಮ್ಮ ಮನೆಯಲ್ಲಿ ದೊಡ್ಡವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೂ ನಮಗೆ ತಿಳಿದಿತ್ತು.

ಈ ಪಾಠವನ್ನು ನಾನು ಬಹಳ ಉತ್ಸಾಹದಿಂದ ಮಾಡುತ್ತಿದ್ದೆ. ನಮ್ಮದೇ ಜಿಲ್ಲೆ, ನಮ್ಮದೇ ಜನ. ಪಠ್ಯದಲ್ಲಿ ಇಲ್ಲದ್ದನ್ನೂ ಸೇರಿಸಿ, ಕೈಯಲ್ಲಿ ಕೊಡಲಿ ಹಿಡಿದಂತೆ ಅಭಿನಯಿಸಿಯೂ ತೋರಿಸುತ್ತಿದ್ದೆ (ನಗಬೇಡಿ, ನಿಮ್ಮಲ್ಲಿ ಹಲವರು ನೋಡಿದ್ದೀರಿ). 1974ನೆಯ ಇಸವಿ ಇರಬೇಕು, ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ಆ ಮರಗಳಿಂದ ಹೆಂಡ ಇಳಿಸ್ತಿದ್ದೋರು ಆಮ್ಯಾಕೆ ಏನ್ ಮಾಡಿದ್ರು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುವ ವಯಸ್ಸೂ ನನ್ನದಾಗಿರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವರು ನಕ್ಕದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು: ಆ ಹುಡುಗನ ತಂದೆ ಈಚಲು ಮರ ಹತ್ತುವವರು.

ಎರಡು ವಾರ ಹುಡುಗ ಶಾಲೆಗೆ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಅವರ ಮನೆ ಹುಡುಕಿಕೊಂಡು ಹೋದೆ. ತಂದೆ ಆಗತಾನೆ ಮರದಿಂದಿಳಿದು ಬಂದಿದ್ದರು. ಸೊಂಟದಲ್ಲಿ ಕತ್ತಿ, ಮೊಣಕಾಲಿನ ಬಳಿ ತರಚಿ ಗಟ್ಟಿಯಾದ ಚರ್ಮ. ಮಡಕೆಯಿಂದ ಲೋಟಕ್ಕೆ ಬಗ್ಗಿಸಿ, "ಕುಡೀರಿ ಮೇಷ್ಟ್ರೆ, ಸುಣ್ಣ ಬಳಿದ ಮಡಕೇದು. ಇದ್ರಾಗೆ ಅಮಲಿಲ್ಲ" ಎಂದರು. ಕುಡಿದೆ. ಎಳನೀರಿಗಿಂತ ಸಿಹಿ, ತಂಪು, ಹಸಿ ಈಚಲಿನ ಒಂದು ಘಮ. ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆಂದೂ, ಬಳಿಯದಿದ್ದರೆ ಬಿಸಿಲೇರುವಷ್ಟರಲ್ಲಿ ನೊರೆಯೇಳುತ್ತದೆಂದೂ ಅವರೇ ವಿವರಿಸಿದರು. "ಮಧ್ಯಾಹ್ನಕ್ಕೆ ಬಂದ್ರೆ ಇದೇ ಬ್ಯಾರೆ, ಸಂಜಿಗೆ ಬ್ಯಾರೆ. ನಾಳೆ ಬಂದ್ರೆ ದನಾನೂ ಮೂಸಲ್ಲ" ಎಂದು ನಕ್ಕರು. ಏಲಿಗೆ ಇಪ್ಪತ್ತೈದು ವರ್ಷ. ಹೆಂಡಕ್ಕೆ ಒಂದು ಹಗಲು. ಹೀಗಾಗಿ ಅದಕ್ಕೆ ನೆಲಮಾಳಿಗೆಯಿಲ್ಲ, ಹಡಗಿಲ್ಲ, ಇಸವಿ ಬರೆದ ಚೀಟಿಯಿಲ್ಲ. ಇಂದು ಮರ ಹತ್ತಿದರೆ ಇಂದಿನ ಕೂಲಿ. ಮರ ಬಿದ್ದರೆ ಗುತ್ತಿಗೆದಾರ ಮತ್ತೊಂದು ವ್ಯಾಪಾರ ಹಿಡಿದಾನು. ಹತ್ತುವವನಿಗೆ ಕೂಡಿಟ್ಟದ್ದು ಏನೂ ಇರುವುದಿಲ್ಲ.

ಹುಡುಗನ ಬಗ್ಗೆ ಕೇಳಿದ್ದಕ್ಕೆ, "ಅವನು ಬರಲ್ಲ ಅಂತಾನೆ ಸಾಮಿ" ಎಂದಷ್ಟೇ ಹೇಳಿದರು. ಹುಡುಗ ಒಳಗೇ ಇದ್ದ. ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಆ ಹೊತ್ತಿಗೆ ಕಾಲ ಒಂದು ಸುತ್ತು ತಿರುಗಿಯಾಗಿತ್ತು ಎಂಬುದನ್ನೂ ನಾನು ತರಗತಿಯಲ್ಲಿ ಹೇಳಿರಲಿಲ್ಲ. ಸ್ವಾತಂತ್ರ್ಯಾನಂತರ ನಮ್ಮ ರಾಜ್ಯದಲ್ಲಿ ಪಾನನಿರೋಧ ಬಂತು. 1967ರಲ್ಲಿ ಅದನ್ನು ಹಿಂತೆಗೆದುಕೊಂಡಾಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಅದೇ ನಿಜಲಿಂಗಪ್ಪನವರು. ಇದನ್ನು ಹೇಳುವುದು ಅವರನ್ನು ಹಳಿಯುವುದಕ್ಕಲ್ಲ. ಕಳ್ಳಭಟ್ಟಿಯ ಹಾವಳಿಯನ್ನೂ ಬೊಕ್ಕಸದ ಕಷ್ಟವನ್ನೂ ಆಳುವವನು ಕಣ್ಣುಮುಚ್ಚಿ ಕೂರಲಾರ. ಅನಂತರ ಈ ಶತಮಾನದ ಮೊದಲ ದಶಕದಲ್ಲಿ ಕರಾವಳಿಯನ್ನು ಬಿಟ್ಟು ರಾಜ್ಯದ ಬಹುಭಾಗದಲ್ಲಿ ಹೆಂಡ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಉಳಿದದ್ದು ಕಾರ್ಖಾನೆಯ ಸೀಸೆ. ಅದು ಕೆಡುವುದಿಲ್ಲ, ಎಣಿಸಬಹುದು. ಕುಡಿತ ನಿಂತಿತೇ ಎಂದು ನಮ್ಮ ಹಳ್ಳಿಗಳ ಹೆಂಗಸರನ್ನು ಕೇಳಿ ನೋಡಿ.

ಇಷ್ಟೆಲ್ಲ ಯೋಚಿಸುತ್ತ ಕುಳಿತದ್ದನ್ನು ಕಂಡು ಅಳಿಯಂದಿರು, "ಹೇಗಿದೆ ಮಾವ?" ಎಂದರು. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಆದರೆ ಬೆಳಗಿನ ಆ ಈಚಲಿನ ರಸದಷ್ಟಲ್ಲ ಎಂದು ಹೇಳಲು ಸಂಕೋಚವಾಯಿತು.

ಆ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಅವನ ಸಹಪಾಠಿಗಳಲ್ಲಿ ಹಲವರು ಇದನ್ನು ಓದುತ್ತೀರಿ. ಯಾರಿಗಾದರೂ ಅವನು ಸಿಕ್ಕರೆ, ಅವನ ಪ್ರಶ್ನೆ ಸರಿಯಾಗಿತ್ತೆಂದೂ, ಮೇಷ್ಟರ ಉತ್ತರ ತಪ್ಪೆಂದೂ ಅವನಿಗೆ ಹೇಳಿ.

ಕಳೆದ ವರ್ಷ ತುರುವನೂರಿನ ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಹಳ್ಳಕ್ಕಿಳಿದಿದ್ದೆ. ಜಾಲಿಯ ನಡುವೆ ಹಳೆಯದೊಂದು ಈಚಲು ಮರ ನಿಂತಿತ್ತು. ಕೆಳಗಿನಿಂದ ಗಾಯಗಳನ್ನು ಎಣಿಸಿದೆ: ಹನ್ನೊಂದು. ಅದರ ಮೇಲೆ ಕಾಂಡ ಎಲ್ಲೂ ಸೊಟ್ಟಗಾಗದೆ ನೆಟ್ಟಗೆ ಏರಿತ್ತು.