ಅಂಕಿ ಹೇಳದ ಭವಿಷ್ಯ

ಎಚ್.ಐ.ವಿ. ಸೋಂಕಿನೊಂದಿಗೆ ಹುಟ್ಟಿದ ಮಗುವಿಗೆ ಕಾಯಿಲೆ ಯಾವಾಗ ಉಲ್ಬಣಿಸುತ್ತದೆ ಎಂದು ಮೊದಲೇ ಹೇಳಬಹುದೇ? ಮದ್ದೂರು ತಾಲ್ಲೂಕಿನ ಕೊಪ್ಪದ ತಾಯಿಯಾಗಲಿ, ಪ್ಯಾರಿಸ್ಸಿನ ತಾಯಿಯಾಗಲಿ, ವೈದ್ಯರನ್ನು ಕೇಳುವುದು ಇದನ್ನೇ. ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಅಮೆರಿಕದಲ್ಲಿ ಶಿಶುಗಳಲ್ಲಿ ರೋಗನಿರೋಧಕ ಶಕ್ತಿ ಕುಸಿಯುವ ಈ ಕಾಯಿಲೆ ವರದಿಯಾದದ್ದು 1982ರ ಡಿಸೆಂಬರಿನಲ್ಲಿ. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ಸನ್ನು ಗುರುತಿಸಿದರು. ಭಾರತದ ಮೊದಲ ಸೋಂಕುಗಳನ್ನು 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ಪತ್ತೆ ಮಾಡಿತು.

ಬೇಗನೆ ಒಂದು ವಿಚಿತ್ರ ಕಂಡುಬಂತು. ಔಷಧವಿಲ್ಲದಿದ್ದರೂ ಕೆಲವು ಮಕ್ಕಳು ಶಾಲೆಗೆ ಸೇರುವಷ್ಟು ಬೆಳೆಯುತ್ತಿದ್ದರು. ಇನ್ನು ಕೆಲವರು ವರ್ಷ ತುಂಬುವ ಮೊದಲೇ ಹಾಸಿಗೆ ಹಿಡಿಯುತ್ತಿದ್ದರು. ಇವರಿಬ್ಬರನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಎಲ್ಲರ ಕಣ್ಣೂ ಸಿ.ಡಿ.4 ಎಂಬ ಬಿಳಿರಕ್ತಕಣದ ಮೇಲೆ ಬಿತ್ತು. ವೈರಸ್ ನಾಶಮಾಡುವುದು ಮುಖ್ಯವಾಗಿ ಇದನ್ನೇ.

ಆದರೆ ಆರೋಗ್ಯವಂತ ಶಿಶುವಿನಲ್ಲಿ ಈ ಕಣಗಳು ದೊಡ್ಡವರಿಗಿಂತ ಬಹಳ ಹೆಚ್ಚು. ವಯಸ್ಸಾದಂತೆ ತಾವಾಗಿಯೇ ಇಳಿಯುತ್ತವೆ. ಆದ್ದರಿಂದ ದೊಡ್ಡವರ ಅಳತೆಗೋಲು ಇಲ್ಲಿ ನಡೆಯದು. 1994ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳಿಗೆಂದೇ ಬೇರೆ ಮಾನದಂಡ ಪ್ರಕಟಿಸಿತು. ಆರು ವರ್ಷ ದಾಟಿದ ಮಗುವಿನಲ್ಲಿ ಘನ ಮಿಲಿಮೀಟರಿಗೆ 200ಕ್ಕಿಂತ ಕಡಿಮೆಯಾದರೆ ತೀವ್ರ ಕುಸಿತ. ವರ್ಷ ತುಂಬದ ಶಿಶುವಿನಲ್ಲಿ 750ಕ್ಕಿಂತ ಕಡಿಮೆಯಾದರೇ ತೀವ್ರ ಕುಸಿತ. ಲಿಂಫೋಸೈಟ್ ಕಣಗಳಲ್ಲಿ ಸಿ.ಡಿ.4ರ ಪಾಲು ಎಷ್ಟೆಂದು ಲೆಕ್ಕ ಹಾಕಿದರೆ ಈ ತೊಡಕು ಕಡಿಮೆ. ಶೇಕಡಾ 25 ಅಥವಾ ಹೆಚ್ಚಿದ್ದರೆ ಸುರಕ್ಷಿತ, 15ಕ್ಕಿಂತ ಕಡಿಮೆಯಾದರೆ ಅಪಾಯ ಎಂದಾಯಿತು.

ಅಂಕಿ ಸಿಕ್ಕೊಡನೆ ನಿಶ್ಚಿಂತರಾಗುವುದು ವಿಜ್ಞಾನ ಓದಿದವರ ಚಾಳಿ. 2003ರಲ್ಲಿ ಯೂರೋಪ್ ಮತ್ತು ಅಮೆರಿಕದ 3,941 ಮಕ್ಕಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದೇ ಶೇಕಡಾವಾರು ಇದ್ದರೂ ಎಳೆಯ ಶಿಶುವಿಗೆ ಅಪಾಯ ಬಹಳ ಹೆಚ್ಚೆಂದು ತಿಳಿಯಿತು. ದಕ್ಷಿಣ ಆಫ್ರಿಕದ ಪ್ರಯೋಗವಂತೂ ಕಣ್ಣು ತೆರೆಸಿತು. ಅಲ್ಲಿ ಆರರಿಂದ ಹನ್ನೆರಡು ವಾರದ 377 ಶಿಶುಗಳು. ಎಲ್ಲರಿಗೂ ಸಿ.ಡಿ.4 ಶೇಕಡಾ 25 ಅಥವಾ ಮೇಲೆ, ಅಂದರೆ ಪುಸ್ತಕದ ಪ್ರಕಾರ ಸುರಕ್ಷಿತರು. 252 ಶಿಶುಗಳಿಗೆ ಕೂಡಲೇ ಔಷಧ ಕೊಟ್ಟರು; ಉಳಿದ 125 ಶಿಶುಗಳಿಗೆ, ಅಂದಿನ ಪದ್ಧತಿಯಂತೆ, ಕಣಗಳು ಇಳಿಯುವವರೆಗೆ ಕಾದರು. ಮೊದಲ ಗುಂಪಿನಲ್ಲಿ 10, ಎರಡನೆಯದರಲ್ಲಿ 20 ಶಿಶುಗಳು ತೀರಿಕೊಂಡವು. ನೂರಕ್ಕೆ ನಾಲ್ಕು ಎಲ್ಲಿ, ಹದಿನಾರು ಎಲ್ಲಿ! 2007ರಲ್ಲಿ ಪ್ರಯೋಗದ ಮೇಲ್ವಿಚಾರಕರು ಕಾಯುವ ಗುಂಪಿಗೆ ಇನ್ನು ಶಿಶುಗಳನ್ನು ಸೇರಿಸುವುದು ಬೇಡವೆಂದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವರ್ಷ ತುಂಬದ ಪ್ರತಿ ಸೋಂಕಿತ ಶಿಶುವಿಗೂ ಸಿ.ಡಿ.4 ಎಷ್ಟೇ ಇರಲಿ ಚಿಕಿತ್ಸೆ ಆರಂಭಿಸಿ ಎಂದಿತು.

ಭವಿಷ್ಯ ಹೇಳುವ ಕೆಲಸ ಹಿಂದೆ ಸರಿಯಿತು. ಮಗುವನ್ನು ಬೇಗ ಗುರುತಿಸುವುದು ಮುಂದೆ ಬಂತು. ಅದೇನು ಸುಲಭವಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಪರೀಕ್ಷೆ ದಾರಿ ತಪ್ಪಿಸುತ್ತದೆ. ವೈರಸ್ಸಿನ ಅಂಶವನ್ನೇ ಹುಡುಕಬೇಕು. ಅಂಥ ಪ್ರಯೋಗಾಲಯ ಹೋಬಳಿ ಮಟ್ಟದಲ್ಲಿ ಇರುವುದಿಲ್ಲ. ಭಾರತದಲ್ಲಿ ಮಕ್ಕಳ ಎಚ್.ಐ.ವಿ. ಚಿಕಿತ್ಸಾ ಕಾರ್ಯಕ್ರಮ 2006ರಲ್ಲೂ, ಶಿಶುಗಳ ಶೀಘ್ರ ಪತ್ತೆ ಕಾರ್ಯಕ್ರಮ 2010ರಲ್ಲೂ ಆರಂಭವಾದವು.

ಕೊಪ್ಪದಂಥ ಊರಿಗೆ ಇದು ತಲುಪಿದ್ದು ಒಂದು ಕಾಗದದ ಚೂರಿನಿಂದ. ಮಗುವಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಇಳಿಸಿ ಒಣಗಿಸುತ್ತಾರೆ. ಮಂಜುಗಡ್ಡೆ ಬೇಡ, ವಿಶೇಷ ವಾಹನ ಬೇಡ. ಲಕೋಟೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕೂಲಿ ಬಿಟ್ಟು ಬೆಂಗಳೂರಿಗೆ ಅಲೆಯುವುದು ತಪ್ಪಿತು. ಇದಕ್ಕೆ ಗೊತ್ತುಮಾಡಿರುವ ಸಮಯ ಆರನೆಯ ವಾರ. ಮೊದಲ ಸುತ್ತಿನ ಲಸಿಕೆಗೆಂದು ಆ ವಾರ ತಾಯಿ ಹೇಗೂ ಮಗುವನ್ನು ಎತ್ತಿಕೊಂಡು ಬರುತ್ತಾಳೆ.