ಯಂತ್ರದೂತರು: ಕಾರ್ಖಾನೆಗಳ ಪರಸ್ಪರ ವ್ಯವಹಾರದಲ್ಲಿ ಮಾತು ಮತ್ತು ಅಧಿಕಾರ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ದೂತರನ್ನು ಮೂರು ವಿಧವಾಗಿ ವಿಂಗಡಿಸಿರುವನು. ಅಮಾತ್ಯನಿಗೆ ಇರತಕ್ಕ ಗುಣಗಳೆಲ್ಲವನ್ನೂ ಉಳ್ಳವನು ನಿಸೃಷ್ಟಾರ್ಥನು. ಅವುಗಳಲ್ಲಿ ಕಾಲುಭಾಗ ಕಡಮೆಯಾದವನು ಪರಿಮಿತಾರ್ಥನು. ಅರ್ಧಭಾಗ ಕಡಮೆಯಾದವನು ಶಾಸನಹರನು. ಹೆಸರುಗಳೇ ಅಧಿಕಾರದ ಪ್ರಮಾಣವನ್ನು ಸೂಚಿಸುತ್ತವೆ. ಮೊದಲನೆಯವನು ಸಂದರ್ಭವನ್ನರಿತು ತಾನೇ ಸಂಧಾನ ಮಾಡಬಲ್ಲನು. ಎರಡನೆಯವನು ಒಡೆಯನು ಹಾಕಿಕೊಟ್ಟ ಎಲ್ಲೆಯೊಳಗೆ ಮಾತ್ರ ಮಾತನಾಡಬಲ್ಲನು. ಮೂರನೆಯವನು ಓಲೆಯನ್ನು ಒಪ್ಪಿಸಿ ಹಿಂದಿರುಗುವನು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಒಪ್ಪಿಸಿದ ಸಂಗತಿಯನ್ನು ವಾಚಕರಿಗೆ ನೆನಪುಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳು ತಮ್ಮತಮ್ಮೊಳಗಿನ ವ್ಯವಹಾರಕ್ಕೆ ಗಣಕಯಂತ್ರಗಳನ್ನು ದೂತರನ್ನಾಗಿ ನಿಯಮಿಸಿದ ಚರಿತ್ರೆಗೂ ಈ ವಿಂಗಡಣೆಯು ಚೆನ್ನಾಗಿ ಹೊಂದುವುದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಆ ಚರಿತ್ರೆಯನ್ನು ಸಾಧಾರಣವಾಗಿ ಯಂತ್ರದ ಬುದ್ಧಿ ಬೆಳೆದ ಕಥೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಕಾಣುವುದು ಎರಡು ಹಳೆಯ ಪ್ರಶ್ನೆಗಳು. ಒಬ್ಬನು ಆಡಿದ ಮಾತು ಇನ್ನೊಬ್ಬನಿಗೆ ಅದೇ ಅರ್ಥವನ್ನು ಕೊಡುವುದು ಹೇಗೆ? ಅರ್ಥವಾದ ಮಾತನ್ನು ನಂಬುವುದು ಹೇಗೆ? ಸಾಹಿತ್ಯವ್ಯಾಸಂಗಿಗಳ ಮುಂದೆ ಕಾರ್ಖಾನೆಯ ವಿಷಯವನ್ನು ತರುವುದಕ್ಕೆ ಇದೇ ನನ್ನ ಸಮಾಧಾನ.

ಮೊದಲು ಸನ್ನಿವೇಶವನ್ನು ತಿಳಿಯಬೇಕು. ಮೋಟಾರುಗಾಡಿಯನ್ನು ತಯಾರಿಸುವ ಕಾರ್ಖಾನೆಯು ಅದರ ಭಾಗಗಳಲ್ಲಿ ಬಹುಪಾಲನ್ನು ಇತರ ಕಾರ್ಖಾನೆಗಳಿಂದ ತರಿಸುತ್ತದೆ. ಅವು ತಮ್ಮ ಬಿಡಿಭಾಗಗಳಿಗೆ ಇನ್ನೂ ಚಿಕ್ಕ ಕಾರ್ಖಾನೆಗಳನ್ನು ಆಶ್ರಯಿಸಿರುತ್ತವೆ. ಈ ಸರಪಣಿಯಲ್ಲಿ ಒಬ್ಬೊಬ್ಬನಿಗೂ ತನ್ನ ಪಕ್ಕದವನು ಕಳುಹಿಸಿದ ಆರ್ಡರು ಮಾತ್ರ ಕಾಣುತ್ತದೆ. ಕೊನೆಯ ಗಿರಾಕಿಯ ನಿಜವಾದ ಬೇಡಿಕೆಯು ಕಾಣುವುದಿಲ್ಲ. ಬೇಡಿಕೆಯಲ್ಲಿ ಉಂಟಾದ ಅಲ್ಪ ಏರಿಳಿತವು ಹಿಂದುಹಿಂದಕ್ಕೆ ಹೋದಂತೆ ದೊಡ್ಡದಾಗುತ್ತ ಹೋಗುವುದನ್ನು ಅಮೆರಿಕದ ಜೇ ಫಾರೆಸ್ಟರ್ ಎಂಬ ವಿದ್ವಾಂಸರು 1958ರಲ್ಲಿ ವಿವರಿಸಿದರು. 1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ಇದರ ಕಾರಣಗಳನ್ನು ವಿಮರ್ಶಿಸಿದರು. ಅವರು ಕೊಟ್ಟ ಒಂದು ನಿದರ್ಶನ ರಸವತ್ತಾಗಿದೆ. ಕೂಸುಗಳು ಚಡ್ಡಿಯನ್ನು ಒದ್ದೆಮಾಡುವುದು ವರುಷವೆಲ್ಲ ಒಂದೇ ಸಮನಾಗಿ. ಆದರೂ ಆ ಚಡ್ಡಿಗಳನ್ನು ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಗೆ ಬರುತ್ತಿದ್ದ ಆರ್ಡರುಗಳು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತಿದ್ದುವು. ಚಾಟಿಯ ಹಿಡಿಯನ್ನು ಕೊಂಚ ಅಲುಗಿಸಿದರೆ ತುದಿಯು ಬಹಳವಾಗಿ ಹೊಯ್ದಾಡುವಂತೆ ಇದು. ತುದಿಯಲ್ಲಿರುವವನು ಸಾಮಾನ್ಯವಾಗಿ ಸಣ್ಣ ಕಾರ್ಖಾನೆಯವನು. ಕೂಲಿಯಾಳುಗಳನ್ನು ಒಂದು ತಿಂಗಳು ಹೆಚ್ಚಿಗೆ ಕರೆದು ಮರುತಿಂಗಳು ಬಿಡಿಸಬೇಕಾದವನೂ ಅವನೇ. ಮಾಹಿತಿಯ ಕೊರತೆಯೆಂಬುದು ಇಲ್ಲಿ ಅನ್ನದ ಪ್ರಶ್ನೆಯೂ ಆಗಿದೆ.

ಯಂತ್ರಗಳು ಓಲೆಕಾರರಾದ ಕಥೆಯು ಯುದ್ಧದ ನೆರಳಿನಲ್ಲಿ ಮೊದಲಾಗುತ್ತದೆ. 1948ರ ಜೂನ್ ತಿಂಗಳಲ್ಲಿ ಸೋವಿಯೆಟ್ ಸೇನೆಯು ಪಶ್ಚಿಮ ಬರ್ಲಿನ್ನಿನ ನೆಲದ ದಾರಿಗಳನ್ನು ಮುಚ್ಚಿದಾಗ ಅಲ್ಲಿನ ಜನರಿಗೆ ಅನ್ನವನ್ನೂ ಕಲ್ಲಿದ್ದಲನ್ನೂ ವಿಮಾನಗಳಲ್ಲಿ ಸಾಗಿಸಬೇಕಾಯಿತು. ಸರಕಿನ ಪಟ್ಟಿಗಳು ಒಂದೊಂದು ಕಡೆಯಿಂದ ಒಂದೊಂದು ನಮೂನೆಯಲ್ಲಿ ಬರುತ್ತಿದ್ದುವು. ಎಡ್ವರ್ಡ್ ಗಿಲ್ಬರ್ಟ್ ಎಂಬ ಅಮೆರಿಕದ ಸೇನೆಯವರು ಟೆಲೆಕ್ಸ್, ರೇಡಿಯೊ, ಟೆಲಿಫೋನು ಯಾವುದರಿಂದ ಬೇಕಾದರೂ ಕಳುಹಿಸಬಹುದಾದ ಒಂದೇ ನಮೂನೆಯನ್ನು ಏರ್ಪಡಿಸಿದರು. ಮುಂದೆ ಡೂಪಾಂಟ್ ಎಂಬ ರಾಸಾಯನಿಕ ಕಂಪೆನಿಯಲ್ಲಿದ್ದಾಗ ಅದೇ ಉಪಾಯವನ್ನು 1960ರ ದಶಕದಲ್ಲಿ ವ್ಯಾಪಾರಕ್ಕೆ ತಂದರು. 1968ರಲ್ಲಿ ಅಮೆರಿಕದ ಸಾಗಣೆಯ ಉದ್ಯಮದವರು ಇದಕ್ಕಾಗಿ ಒಂದು ಸಮಿತಿಯನ್ನು ರಚಿಸಿಕೊಂಡರು. 1979ರಲ್ಲಿ ಎಕ್ಸ್-12 ಎಂಬ ರಾಷ್ಟ್ರೀಯ ಸಮಿತಿಯು ಹುಟ್ಟಿತು. 1987ರಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಎಂಬ ನಮೂನೆಯ ವ್ಯಾಕರಣವು ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು.

ವ್ಯಾಕರಣವೆಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಎಡಿಫ್ಯಾಕ್ಟ್ ಓಲೆಯಲ್ಲಿ ಕ್ಯು-ಟಿ-ವೈ ಎಂಬ ಮೂರು ಅಕ್ಷರಗಳು ಮೊತ್ತವನ್ನು ಸೂಚಿಸುತ್ತವೆ. ಅದರ ಮುಂದೆ 21 ಎಂದಿದ್ದರೆ ಬೇಡಿದ ಮೊತ್ತ, 12 ಎಂದಿದ್ದರೆ ಕಳುಹಿಸಿಕೊಟ್ಟ ಮೊತ್ತ. ವಿಭಕ್ತಿಪ್ರತ್ಯಯಗಳಂತೆಯೇ ಇವು ಕೆಲಸಮಾಡುತ್ತವೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ತಾರ್ಕಿಕರು ಹೇಳಿರುವರಷ್ಟೆ. ಈ ಓಲೆಗಳಲ್ಲಿ ಆಕಾಂಕ್ಷೆ, ಸನ್ನಿಧಿಗಳನ್ನು ನಮೂನೆಯೇ ಪೂರೈಸುತ್ತದೆ, ಯೋಗ್ಯತೆಯನ್ನು ಪೂರೈಸಲಾರದು. ಬೆಂಕಿಯಿಂದ ತೋಯಿಸು ಎಂಬಂಥ ವಾಕ್ಯವನ್ನು ಯಂತ್ರವು ಆಕ್ಷೇಪಣೆಯಿಲ್ಲದೆ ಒಯ್ದು ಒಪ್ಪಿಸುವುದು. ನೂರು ಎಂದರೆ ನೂರು ತಿರುಪುಮೊಳೆಗಳೋ ನೂರು ಪೆಟ್ಟಿಗೆಗಳೋ ಎಂಬುದನ್ನು ಇಬ್ಬರು ಒಡೆಯರೂ ಮೊದಲೇ ಕೂತು ಮಾತನಾಡಿಕೊಂಡಿರಬೇಕು. ಆದಕಾರಣ ಒಂದೊಂದು ದೊಡ್ಡ ಕಾರ್ಖಾನೆಯೂ ಮಾನಕಕ್ಕೆ ತನ್ನದೇ ಒಂದು ಟಿಪ್ಪಣಿಗ್ರಂಥವನ್ನು ಹೊರಡಿಸಿತು. ನಾಲ್ವರು ದೊಡ್ಡವರಿಗೆ ಮಾಲು ಒದಗಿಸುವ ಚಿಕ್ಕವನು ಒಂದೇ ಭಾಷೆಯ ನಾಲ್ಕು ಉಪಭಾಷೆಗಳನ್ನು ಕಲಿಯಬೇಕಾಯಿತು. ಶಾಸನಹರನು ನಂಬಿಕಸ್ಥನಾದರೂ ಅವನನ್ನು ಸಾಕುವ ವೆಚ್ಚವು ಬಡವನ ಮೇಲೆಯೇ ಬಿದ್ದಿತು.

ಆರ್ಡರು, ಇನ್‌ವಾಯ್ಸುಗಳಿಗಿಂತ ಕಠಿಣವಾದುದು ನಕಾಶೆಯ ವಿಷಯ. ಯಂತ್ರಭಾಗಗಳ ಆಕೃತಿಯನ್ನು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಳುಹಿಸುವುದಕ್ಕೆ 1980ರಲ್ಲಿ ಐಜೆಸ್ ಎಂಬ ನಮೂನೆಯೂ 1994ರಿಂದ ಸ್ಟೆಪ್ ಎಂಬ ವಿಸ್ತಾರವಾದ ಅಂತರರಾಷ್ಟ್ರೀಯ ಮಾನಕವೂ ಬಂದುವು. ಇಷ್ಟಾದರೂ ಏನಾಗಬಹುದೆಂಬುದಕ್ಕೆ ಏರ್‌ಬಸ್ ಎ-380 ವಿಮಾನದ ಕಥೆಯೇ ಸಾಕ್ಷಿ. ಏರ್‌ಬಸ್ 2001ರವರೆಗೆ ನಾಲ್ಕು ದೇಶಗಳ ಕಂಪೆನಿಗಳ ಒಕ್ಕೂಟವಾಗಿದ್ದಿತು. ಆ ವರುಷ ಹೆಸರಿಗೆ ಒಂದೇ ಕಂಪೆನಿಯಾಯಿತು. ಆದರೆ ಹ್ಯಾಂಬರ್ಗಿನವರು ಕೇಟಿಯಾ ಎಂಬ ನಕಾಶೆಯ ಸಾಫ್ಟ್‌ವೇರಿನ ನಾಲ್ಕನೆಯ ಆವೃತ್ತಿಯನ್ನೂ ಟೂಲೂಸಿನವರು ಐದನೆಯದನ್ನೂ ಉಪಯೋಗಿಸುತ್ತಿದ್ದರು. ಒಂದೊಂದು ವಿಮಾನಕ್ಕೆ ಸುಮಾರು 530 ಕಿಲೋಮೀಟರು ವಿದ್ಯುತ್ತಂತಿ ಬೇಕಾಗಿದ್ದಿತು. ಹ್ಯಾಂಬರ್ಗಿನಿಂದ ಬಂದ ತಂತಿಗಳ ಕಟ್ಟುಗಳು ಟೂಲೂಸಿನಲ್ಲಿ ಜೋಡಿಸಹೋದಾಗ ಕೂಡಲಿಲ್ಲ. 2006ರಲ್ಲಿ ಕಂಪೆನಿಯು ವಿಳಂಬವನ್ನು ಮತ್ತೆಮತ್ತೆ ಪ್ರಕಟಿಸಬೇಕಾಯಿತು; ಮೊದಲನೆಯ ವಿಮಾನವು ಗಿರಾಕಿಯ ಕೈಸೇರಿದುದು 2007ರ ಅಕ್ಟೋಬರಿನಲ್ಲಿ. ಎರಡು ಆವೃತ್ತಿಗಳ ಹೆಸರು ಒಂದೇ ಆಗಿದ್ದುದೇ ಇಲ್ಲಿ ಮೋಸಮಾಡಿತೆಂದು ಹೇಳಬಹುದು. ಪಾಠಾಂತರಗಳನ್ನು ಬಲ್ಲ ಗ್ರಂಥಸಂಪಾದಕರು ಇದಕ್ಕೆ ಆಶ್ಚರ್ಯಪಡಲಾರರು.

ಈ ನಡುವೆ ವಿದ್ವಾಂಸರು ಶಾಸನಹರನಿಗಿಂತ ಹೆಚ್ಚಿನ ದೂತನನ್ನು ಕಲ್ಪಿಸತೊಡಗಿದ್ದರು. ಏಜೆಂಟನೆಂಬ ಮಾತು ನಮಗೆ ಹೊಸದಲ್ಲ; ವಿಮೆಯ ಏಜೆಂಟರನ್ನು ಎಲ್ಲರೂ ಬಲ್ಲೆವು. ಒಡೆಯನ ಪರವಾಗಿ, ಅವನು ಎದುರಿಗಿಲ್ಲದಾಗಲೂ, ಸ್ವಂತ ನಿರ್ಧಾರದಿಂದ ವರ್ತಿಸಬಲ್ಲ ಸಾಫ್ಟ್‌ವೇರಿಗೆ ಅದೇ ಹೆಸರು ಬಂದಿತು. 1980ರಲ್ಲಿ ರೀಡ್ ಸ್ಮಿತ್ ಎಂಬವರು ಇಂಥವರ ಮಾತುಕತೆಗೆ ಒಂದು ಪದ್ಧತಿಯನ್ನು ಪ್ರಕಟಿಸಿದರು. ಅದು ನಮ್ಮ ಟೆಂಡರಿನ ಕ್ರಮವೇ: ಕೆಲಸವಿದ್ದವನು ಸಾರುವನು, ಬಲ್ಲವರು ತಮ್ಮತಮ್ಮ ಸವಾಲು ಕೂಗುವರು, ಸಾರಿದವನು ಒಬ್ಬನಿಗೆ ಕೆಲಸವನ್ನು ಒಪ್ಪಿಸುವನು. ಮಿಷಿಗನ್ ರಾಜ್ಯದ ವ್ಯಾನ್ ಡೈಕ್ ಪರುನಾಕ್ ಇದನ್ನು ಕಾರ್ಖಾನೆಯ ಕೆಲಸದ ಹಂಚಿಕೆಗೆ ಅಳವಡಿಸಿ, ಅದರ ಅನುಭವವನ್ನು 1987ರಲ್ಲಿ ಬರೆದರು. ಎಲ್ಲೆಯೊಳಗೆ ಮಾತನಾಡುವ ಈ ದೂತನು ಪರಿಮಿತಾರ್ಥನೆಂಬುದು ಸ್ಪಷ್ಟ.

1990ರ ದಶಕದಲ್ಲಿ ಆಸೆಗಳು ಇನ್ನೂ ಹಿರಿದಾದುವು. ಬೇರೆಬೇರೆ ಕಂಪೆನಿಗಳು ಒಂದು ಕೆಲಸಕ್ಕಾಗಿ ಕೂಡಿ, ಕೆಲಸ ಮುಗಿದೊಡನೆ ಚದರುವಂಥ ಉದ್ಯಮಗಳನ್ನು ಕುರಿತು ಲೀಹೈ ವಿಶ್ವವಿದ್ಯಾಲಯದ ಅಯಕೋಕ ಸಂಸ್ಥೆಯು 1991ರಲ್ಲಿ ವರದಿಯೊಂದನ್ನು ಹೊರಡಿಸಿತು. ಆ ಸುಮಾರಿನಲ್ಲಿಯೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೂ ಲಾಕ್‌ಹೀಡ್, ಹ್ಯೂಲೆಟ್-ಪ್ಯಾಕರ್ಡ್ ಮೊದಲಾದ ಕಂಪೆನಿಗಳೂ ಸೇರಿ ಪ್ಯಾಕ್ಟ್ ಎಂಬ ಪ್ರಯೋಗವನ್ನು ನಡೆಸಿದುವು. ಬೇರೆಬೇರೆಯಾಗಿ ಹುಟ್ಟಿದ ನಾಲ್ಕು ವಿನ್ಯಾಸವ್ಯವಸ್ಥೆಗಳು ಏಜೆಂಟರ ಮೂಲಕ ಒಂದು ಯಾಂತ್ರಿಕ ತೋಳಿನ ಕುರಿತು ಪರಸ್ಪರ ಮಾತನಾಡಿದುವು. 1993ರಲ್ಲಿ ಇದರ ವೃತ್ತಾಂತವು ಪ್ರಕಟವಾಯಿತು. ಆ ಏಜೆಂಟರ ಭಾಷೆಗೆ ಕೆ.ಕ್ಯು.ಎಂ.ಎಲ್. ಎಂದು ಹೆಸರು. ಇದರ ತತ್ತ್ವವು ಬಂದುದು ಯಂತ್ರಶಾಸ್ತ್ರದಿಂದಲ್ಲ, ಭಾಷಾತತ್ತ್ವದಿಂದ. ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಎಂಬ ತತ್ತ್ವಜ್ಞರು 1955ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಮಾತನಾಡುವುದೂ ಒಂದು ಕ್ರಿಯೆಯೆಂದು ಪ್ರತಿಪಾದಿಸಿದ್ದರು: ವಚನಕೊಡುವವನು ಸುದ್ದಿ ಹೇಳುತ್ತಿಲ್ಲ, ಒಂದು ಕಾರ್ಯವನ್ನು ಮಾಡುತ್ತಿದ್ದಾನೆ. ಜಾನ್ ಸರ್ಲ್ 1969ರಲ್ಲಿ ಇದನ್ನು ವಿಸ್ತರಿಸಿದರು. ವಿಧಿವಾಕ್ಯದ ಪ್ರವರ್ತಕಶಕ್ತಿಯನ್ನು ಚರ್ಚಿಸಿದ ಮೀಮಾಂಸಕರ ನೆನಪು ಇಲ್ಲಿ ನಮ್ಮವರಿಗೆ ಆಗದೆ ಇರದು. ಆದರೆ ಪಾಶ್ಚಾತ್ಯರು ಅವರಿಂದ ತೆಗೆದುಕೊಂಡರೆಂದು ಹೇಳುವುದಕ್ಕೆ ಆಧಾರವಿಲ್ಲ, ಹಾಗೆ ಹೇಳಿ ಹಿಗ್ಗುವುದೂ ಯುಕ್ತವಲ್ಲ. ಹೀಗೆ ಏಜೆಂಟರು ಕಳುಹಿಸುವ ಓಲೆಯಲ್ಲಿ ವಿಷಯದ ಜೊತೆಗೆ ಅದು ತಿಳಿವಳಿಕೆಯೋ, ಪ್ರಶ್ನೆಯೋ, ಬಿನ್ನಹವೋ ಎಂಬುದೂ ಬೇರೆಯಾಗಿ ಬರೆಯಲ್ಪಟ್ಟಿತು.

1996ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಫೀಪಾ ಎಂಬ ಸಂಸ್ಥೆಯು ಈ ಭಾಷೆಯನ್ನು ತಿದ್ದಿ ಮಾನಕವನ್ನಾಗಿ ಮಾಡಿತು. ಅದರ ನಿಯಮದಂತೆ, ಒಂದು ಸಂಗತಿಯನ್ನು ತಿಳಿಸುವ ಏಜೆಂಟನು ಆ ಸಂಗತಿಯನ್ನು ತಾನು ನಂಬಿರಬೇಕು. ಕೇಳುವುದಕ್ಕೆ ಇದು ಉದಾತ್ತವಾಗಿದೆ. ಆದರೆ ಇಬ್ಬರು ವ್ಯಾಪಾರಿಗಳ ನಡುವೆ ಇದರ ಗತಿಯೇನು? ಮುನಿಂದರ್ ಸಿಂಗ್ ಎಂಬ ವಿದ್ವಾಂಸರು 1998ರಲ್ಲಿ ಈ ನಿಯಮದ ಮರ್ಮವನ್ನೇ ಹಿಡಿದರು. ಎದುರಾಳಿಯ ಏಜೆಂಟನನ್ನು ಬೇರೆ ಕಂಪೆನಿಯು ನಿರ್ಮಿಸಿರುತ್ತದೆ. ಅವನ ಅಂತರಂಗದಲ್ಲಿ ಏನಿದೆಯೆಂದು ಇಣಿಕಿ ನೋಡುವಂತಿಲ್ಲ. ಪರೀಕ್ಷಿಸಲಾಗದ ನಿಯಮವು ಮಾನಕವಾಗುವುದು ಹೇಗೆ? ಮನಸ್ಸಿನ ನಂಬಿಕೆಗೆ ಬದಲಾಗಿ, ನಾಲ್ವರು ಕಾಣುವಂತೆ ದೂತನು ತಲೆಗೆ ಕಟ್ಟಿಕೊಂಡ ಹೊಣೆಯನ್ನೇ ಅರ್ಥಕ್ಕೆ ಆಧಾರಮಾಡಬೇಕೆಂದು ಅವರ ವಾದ. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ತಿರುವನ್ನು ನಾನು ಕಾಣೆ.

ಇದೇ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು — ಈಗಿನ ಅರ್ಥದ ಅರ್ಥಶಾಸ್ತ್ರಜ್ಞರು — ಬೇರೊಂದು ಉತ್ತರ ಕೊಟ್ಟಿದ್ದರು. 1961ರಲ್ಲಿ ವಿಲಿಯಂ ವಿಕ್ರಿ ಎಂಬವರು, ಹರಾಜಿನಲ್ಲಿ ಅತ್ಯಧಿಕವಾಗಿ ಕೂಗಿದವನಿಗೆ ವಸ್ತುವನ್ನು ಕೊಟ್ಟು ಎರಡನೆಯವನು ಕೂಗಿದ ಬೆಲೆಯನ್ನು ಮಾತ್ರ ವಸೂಲು ಮಾಡಿದರೆ, ಒಬ್ಬೊಬ್ಬನಿಗೂ ತನ್ನ ನಿಜವಾದ ಬೆಲೆಯನ್ನು ಹೇಳುವುದೇ ಲಾಭವೆಂದು ತೋರಿಸಿದ್ದರು. ಸತ್ಯವು ಗುಣವಾಗಿರಬೇಕಿಲ್ಲ, ನಿಯಮದ ಫಲವಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ನರಹರಿಯವರು ಮೊದಲು ಎನ್. ವಿಶ್ವನಾಥಂ ಅವರೊಡನೆ ಸ್ವಯಂಚಾಲಿತ ಕಾರ್ಖಾನೆಗಳ ಗಣಿತವನ್ನು ಕುರಿತು 1992ರಲ್ಲಿ ಗ್ರಂಥವನ್ನು ಬರೆದು, ಆಮೇಲೆ ಇಂಥ ನಿಯಮಗಳ ರಚನೆಯ ಕಡೆಗೇ ತಿರುಗಿ, ಸಹಲೇಖಕರೊಡನೆ 2009ರಲ್ಲಿ ಮತ್ತೊಂದು ಗ್ರಂಥವನ್ನು ಪ್ರಕಟಿಸಿದರು.

ವಿದ್ಯಾಶಾಲೆಗಳಲ್ಲಿ ಹೀಗಿರುವಾಗ ಪೇಟೆಯಲ್ಲಿ ಏನು ನಡೆಯಿತು? 2000ದ ಇಸವಿಯಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಡೈಮ್ಲರ್‌ಕ್ರೈಸ್ಲರ್ ಕಂಪೆನಿಗಳು ಕೋವಿಸಿಂಟ್ ಎಂಬ ಸಾಮಾನ್ಯ ಮಾರುಕಟ್ಟೆಯನ್ನು ಗಣಕಜಾಲದಲ್ಲಿ ತೆರೆದುವು. ಸರಬರಾಜುದಾರರೆಲ್ಲರೂ ಅಲ್ಲಿಗೇ ಬರಬೇಕೆಂಬುದು ಉದ್ದೇಶ. ಅವರಿಗೆ ಅದು ತಮ್ಮ ಬೆಲೆಯನ್ನು ಇಳಿಸುವುದಕ್ಕೆ ಕೊಳ್ಳುವವರು ಹೂಡಿದ ಹರಾಜುಕಟ್ಟೆಯಾಗಿ ಕಂಡಿತು. ಹರಾಜಿನ ಭಾಗವೂ ಆಮೇಲೆ ಉಳಿದ ಭಾಗವೂ ಮಾರಿಹೋಗಿ, 2004ರ ಹೊತ್ತಿಗೆ ಕಟ್ಟಿದವರ ಕೈತಪ್ಪಿತ್ತು. ಅದೇ ಕಾಲದ ಸುಮಾರಿನಲ್ಲಿ ಡೈಮ್ಲರ್‌ಕ್ರೈಸ್ಲರ್ ಕಂಪೆನಿಯು ಸ್ಟುಟ್‌ಗಾರ್ಟಿನ ತನ್ನ ಎಂಜಿನು ಕಾರ್ಖಾನೆಯಲ್ಲಿ ಸಿಲಿಂಡರುತಲೆಗಳ ತಯಾರಿಕೆಗೆ ಏಜೆಂಟರನ್ನು ನೇಮಿಸಿ, ಅವರ ಹರಾಜಿನಿಂದಲೇ ಯಾವ ಯಂತ್ರಕ್ಕೆ ಯಾವ ಭಾಗ ಹೋಗಬೇಕೆಂಬುದನ್ನು ನಿರ್ಧರಿಸಿತು. ಆ ಪ್ರಯೋಗವು ಸಫಲವಾಯಿತು. ಎರಡು ಕಡೆಯೂ ಹರಾಜೇ. ಸ್ಟುಟ್‌ಗಾರ್ಟಿನಲ್ಲಿ ಸವಾಲು ಕೂಗುವವರೆಲ್ಲರಿಗೂ ಒಡೆಯನು ಒಬ್ಬನೇ ಎಂಬುದಷ್ಟೇ ಭೇದ. ಸಂಧಾನದ ಚಾತುರ್ಯವನ್ನು ಹೆಚ್ಚಿಸುತ್ತ ಹೋದ ವಿದ್ವಾಂಸರು ಈ ಭೇದಕ್ಕೆ ಕೊಡಬೇಕಾದಷ್ಟು ಬೆಲೆಯನ್ನು ಕೊಡಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಕಾನೂನು ಮಾತ್ರ ಮುಂಚೆಯೇ ತನ್ನ ತೀರ್ಮಾನವನ್ನು ಹೇಳಿತ್ತು. ಅಮೆರಿಕದಲ್ಲಿ 1999ರಲ್ಲಿ ರಚಿತವಾದ ಮಾದರಿ ಕಾಯಿದೆಯ ಪ್ರಕಾರ, ಯಾವ ಮನುಷ್ಯನಿಗೂ ತಿಳಿಯದಿದ್ದರೂ ಎರಡು ಯಂತ್ರದೂತರ ಮಾತಿನಿಂದ ಕರಾರು ಸಿದ್ಧವಾಗಬಹುದು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಹನ್ನೊಂದನೆಯ ಪ್ರಕರಣವೂ, ತಾನಾಗಿ ನಡೆಯುವಂತೆ ಒಡೆಯನು ಏರ್ಪಡಿಸಿದ ವ್ಯವಸ್ಥೆಯು ಕಳುಹಿಸಿದ ಓಲೆಯನ್ನು ಒಡೆಯನದೆಂದೇ ಎಣಿಸುತ್ತದೆ. ದೂತನ ತಪ್ಪಿಗೆ ಒಡೆಯನೇ ಹೊಣೆಗಾರನಾದ ಮೇಲೆ ನಿಸೃಷ್ಟಾರ್ಥನನ್ನು ಕಳುಹಿಸುವ ಧೈರ್ಯ ಯಾರಿಗೆ ಬಂದೀತು? ಜರ್ಮನಿಯ ಮೋಟಾರು ಉದ್ಯಮದವರು 2021ರಲ್ಲಿ ಸ್ಥಾಪಿಸಿದ ಕಟೀನಾ-ಎಕ್ಸ್ ಎಂಬ ಒಕ್ಕೂಟದಲ್ಲಿ ಮಾಹಿತಿಯು ಅದರ ಒಡೆಯನ ಬಳಿಯಲ್ಲಿಯೇ ಇರುತ್ತದೆ. ಅದನ್ನು ಯಾರು ಯಾವ ಕೆಲಸಕ್ಕೆ ನೋಡಬಹುದೆಂಬ ಷರತ್ತು ಮೊದಲೇ ಒಪ್ಪಿತವಾಗಿರಬೇಕು. ಪರಿಮಿತಾರ್ಥನ ಎಲ್ಲೆಯನ್ನು ಇನ್ನೂ ಬಿಗಿಮಾಡಿದಂತಾಯಿತು. 2025ರ ಏಪ್ರಿಲಿನಲ್ಲಿ ಗೂಗಲ್ ಕಂಪೆನಿಯು ಬೇರೆಬೇರೆ ಒಡೆಯರ ಏಜೆಂಟರು ಪರಸ್ಪರ ಮಾತನಾಡುವುದಕ್ಕೆ ಹೊಸದೊಂದು ಪದ್ಧತಿಯನ್ನು ಪ್ರಕಟಿಸಿತು. ಅದರಲ್ಲಿ ಒಬ್ಬೊಬ್ಬ ಏಜೆಂಟನೂ ತನ್ನ ಪರಿಚಯಪತ್ರವನ್ನು ಮೊದಲು ತೋರಿಸಬೇಕು. ಆ ಪತ್ರದಲ್ಲಿ ಅವನ ಹೆಸರೂ, ಅವನಿರುವ ವಿಳಾಸವೂ, ಅವನು ಬಲ್ಲ ವಿದ್ಯೆಗಳೂ ಬರೆದಿರುತ್ತವೆ. ಒಡೆಯನನ್ನು ಎಷ್ಟರಮಟ್ಟಿಗೆ ಕರಾರಿನಿಂದ ಬಂಧಿಸಬಲ್ಲನೆಂಬುದನ್ನು ಒಡೆಯರು ತಮ್ಮತಮ್ಮೊಳಗೆ ಬೇರೆ ಕಾಗದದ ಮೇಲೆ ಬರೆದುಕೊಳ್ಳಬೇಕು.